ಪದಚರ್ಚೆ: ಗುಂಪಿನ ಮೂಲಕ ದೊರೆಯುವ ಲೈಸೆನ್ಸಿಗೆ ಏನೆನ್ನಬೇಕು?

ಮಾನ್ಯರೇ,

ಕಚೇರಿಯೊಂದರಲ್ಲಿ ತಂತ್ರಾಂಶಗಳ ಉಸ್ತುವಾರಿ ನೋಡಿಕೊಳ್ಳುವ ಸಿಬ್ಬಂದಿಗಾಗಿ ಕನ್ನಡದಲ್ಲಿ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಚಂದಾ ಕಟ್ಟಿ ಬಳಸುವ ತಂತ್ರಾಂಶಗಳನ್ನು ಬಳಕೆದಾರರ ಗುಂಪುಗಳ ಮೂಲಕ ಒದಗಿಸುವ ಅಧ್ಯಾಯಕ್ಕೆ ಬಂದಾಗ ಮುಖ್ಯವಾದ ಒಂದು ಪರಿಕಲ್ಪನೆಗೆ ಒಪ್ಪುವ ಪದ ದೊರೆಯುತ್ತಿಲ್ಲ. ಬಲ್ಲವರ ಅಭಿಪ್ರಾಯ ಕೋರಿ ಇದನ್ನು ಬರೆಯುತ್ತಿದ್ದೇನೆ.

ಪದಕ್ಕೆ ಮುನ್ನ ವ್ಯವಸ್ಥೆಯನ್ನು ವಿವರಿಸುವುದು ಅಗತ್ಯ. 2023ರವರೆಗೆ ಅಜೂರ್ ಆಕ್ಟಿವ್ ಡೈರೆಕ್ಟರಿ ಎಂಬ ಹೆಸರಿದ್ದ, ಈಗ ಎಂಟ್ರಾ ಐಡಿ ಎನಿಸಿಕೊಂಡಿರುವ, ಸಂಸ್ಥೆಯ ಬಳಕೆದಾರರ ಖಾತೆಗಳನ್ನೂ ಗುಂಪುಗಳನ್ನೂ ನೋಡಿಕೊಳ್ಳುವ ಮೈಕ್ರೋಸಾಫ್ಟ್ ಸೇವೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರಲ್ಲಿ ಲೈಸೆನ್ಸನ್ನು ಒಬ್ಬ ನೌಕರರ ಹೆಸರಿಗೇ ಕೊಡಬಹುದು, ಅಥವಾ ‘ಲೆಕ್ಕಪತ್ರ ವಿಭಾಗ’ ಎಂಬಂಥ ಗುಂಪಿಗೆ ಕೊಟ್ಟು, ಆ ಗುಂಪಿನಲ್ಲಿರುವವರಿಗೆಲ್ಲ ಅದು ತಾನಾಗಿ ಸಲ್ಲುವಂತೆ ಮಾಡಬಹುದು. ಎರಡನೆಯ ವಿಧಾನದಲ್ಲಿ ಗುಂಪಿಗೆ ಸೇರಿದವರಿಗೆ ಲೈಸೆನ್ಸ್ ಬರುತ್ತದೆ, ಗುಂಪು ಬಿಟ್ಟವರಿಗೆ ತಪ್ಪುತ್ತದೆ. ಒಬ್ಬರಿಗೆ ಒಂದೇ ಲೈಸೆನ್ಸ್ ಎರಡೂ ದಾರಿಯಿಂದ ಬಂದಿದ್ದರೆ ಲೆಕ್ಕಕ್ಕೆ ಹಿಡಿಯುವುದು ಒಂದನ್ನೇ. ಆದರೆ ಅವರನ್ನು ಗುಂಪಿನಿಂದ ತೆಗೆದ ಮೇಲೂ ನೇರವಾಗಿ ಕೊಟ್ಟದ್ದು ಹಾಗೆಯೇ ಉಳಿಯುತ್ತದೆ. ಆದ್ದರಿಂದ ಯಾವುದು ಯಾವ ದಾರಿಯಿಂದ ಬಂದದ್ದು ಎಂಬುದನ್ನು ಉಸ್ತುವಾರಿಯವರು ಪ್ರತಿಬಾರಿಯೂ ನೋಡಬೇಕಾಗುತ್ತದೆ, ಕೈಪಿಡಿ ಆ ಎರಡಕ್ಕೂ ಎರಡು ಖಚಿತವಾದ ಹೆಸರುಗಳನ್ನು ಕೊಡಬೇಕಾಗುತ್ತದೆ.

‘ನೇರ ಲೈಸೆನ್ಸ್’ ಎಂಬುದರಲ್ಲಿ ತೊಡಕಿಲ್ಲ. ಗುಂಪಿನ ಮೂಲಕ ಬಂದದ್ದನ್ನು ಇಂಗ್ಲಿಷಿನಲ್ಲಿ ‘ಇನ್‌ಹೆರಿಟೆಡ್’ ಎನ್ನುತ್ತಾರೆ, ತೊಡಕಿರುವುದು ಅಲ್ಲಿಯೇ. ‘ಆನುವಂಶಿಕ’ ಎಂದೊಡನೆ ಓದುಗರ ಮನಸ್ಸಿಗೆ ಬರುವುದು ಕಾಯಿಲೆ. ‘ಪಿತ್ರಾರ್ಜಿತ’ ಮತ್ತು ‘ಸ್ವಯಾರ್ಜಿತ’ ಎಂಬ ಜೋಡಿ ಆಸ್ತಿಪತ್ರಗಳಿಂದ ಎಲ್ಲರಿಗೂ ಪರಿಚಿತವಾಗಿದ್ದರೂ, ನೇರವಾಗಿ ಕೊಟ್ಟ ಲೈಸೆನ್ಸನ್ನು ಯಾರೂ ಸ್ವಂತ ದುಡಿಮೆಯಿಂದ ಗಳಿಸಿರುವುದಿಲ್ಲ. ‘ಬಳುವಳಿ’ ಕಿವಿಗೆ ಹಿತವಾಗಿದೆ, ಆದರೆ ಬಳುವಳಿಯಾಗಿ ಬಂದದ್ದು ಪಡೆದವರಲ್ಲಿಯೇ ಉಳಿಯುವಂಥದು. ಇವೆಲ್ಲವುಗಳ ಸಾಮಾನ್ಯ ದೋಷ ಇದೇ: ಕನ್ನಡದಲ್ಲಿ ವಾರಸಿಕೆಯ ಯಾವ ಪದವನ್ನು ತೆಗೆದುಕೊಂಡರೂ ಅದು ಒಮ್ಮೆ ಕೈಸೇರಿದ ಮೇಲೆ ನಮ್ಮದಾಗುವ ವಸ್ತುವನ್ನು ಸೂಚಿಸುತ್ತದೆ, ಗುಂಪಿನ ಲೈಸೆನ್ಸಾದರೋ ಗುಂಪಿನಲ್ಲಿ ಇರುವಷ್ಟು ಕಾಲ ಮಾತ್ರ ನಮ್ಮ ಬಳಿ ಇದ್ದು, ಹೊರಬಂದೊಡನೆ ಹಿಂದಿರುಗಿ, ಮತ್ತೊಬ್ಬರಿಗೆ ಕೊಡಲು ಒದಗುತ್ತದೆ.

ಇದಕ್ಕೆ ಸಮೀಪದ ಕಲ್ಪನೆ ನಮ್ಮ ಆಡಳಿತ ಭಾಷೆಯಲ್ಲಿ ಈಗಾಗಲೇ ಇದೆ ಎಂದು ನನಗೆ ತೋರುತ್ತದೆ. ಸರ್ಕಾರಿ ಆದೇಶಗಳಲ್ಲಿ ‘ಪದನಿಮಿತ್ತ ಅಧ್ಯಕ್ಷರು’, ‘ಪದನಿಮಿತ್ತ ಸದಸ್ಯರು’ ಎಂದು ಬರೆಯುತ್ತಾರಷ್ಟೆ. ಜಿಲ್ಲಾಧಿಕಾರಿಯೊಬ್ಬರು ಸಮಿತಿಯೊಂದರ ಪದನಿಮಿತ್ತ ಅಧ್ಯಕ್ಷರಾಗಿದ್ದರೆ, ವರ್ಗಾವಣೆಯಾದ ದಿನ ಆ ಸ್ಥಾನ ಅವರೊಡನೆ ಹೋಗದೆ ಹುದ್ದೆಯೊಡನೆ ಉಳಿಯುತ್ತದೆ. ಅದೇ ಜಾಡಿನಲ್ಲಿ ‘ಗುಂಪುನಿಮಿತ್ತ ಲೈಸೆನ್ಸ್’ ಎನ್ನಬಹುದೇ ಎಂಬುದು ನನ್ನ ಮೊದಲ ಪ್ರಶ್ನೆ. ‘ಅನಾರೋಗ್ಯ ನಿಮಿತ್ತ ರಜೆ’ ಎಂದು ಬರೆದು ರೂಢಿಯಿರುವ ನೌಕರವರ್ಗಕ್ಕೆ ‘ನಿಮಿತ್ತ’ ಹೊಸದಲ್ಲ. ಕೈಪಿಡಿಯ ವಾಕ್ಯವೊಂದನ್ನು ಹೀಗೆ ಬರೆದು ನೋಡಿದ್ದೇನೆ: “ನೌಕರರನ್ನು ಲೆಕ್ಕಪತ್ರ ಗುಂಪಿನಿಂದ ತೆಗೆದರೆ ಅವರ ಗುಂಪುನಿಮಿತ್ತ ಲೈಸೆನ್ಸ್ ತಪ್ಪುತ್ತದೆ, ಆದ್ದರಿಂದ ವಿಭಾಗ ಬದಲಾದವರನ್ನು ಮೊದಲು ಹೊಸ ಗುಂಪಿಗೆ ಸೇರಿಸಿ, ಅನಂತರ ಹಳೆಯದರಿಂದ ತೆಗೆಯಿರಿ.” ಓದಿದವರಿಗೆ ಅರ್ಥವಾಗುತ್ತದೆ ಎಂದೇ ನನ್ನ ನಂಬಿಕೆ.

ಆಕ್ಷೇಪ ಎಲ್ಲಿಂದ ಬರುತ್ತದೆ ಎಂಬುದೂ ಗೊತ್ತಿದೆ. ‘ಗುಂಪು’ ಕನ್ನಡ, ‘ನಿಮಿತ್ತ’ ಸಂಸ್ಕೃತ; ವೈಯಾಕರಣರು ಇದನ್ನು ಅರಿಸಮಾಸವೆಂದು ಬದಿಗಿಡಬಹುದು. ‘ಸದಸ್ಯತ್ವನಿಮಿತ್ತ’ ಎಂದರೆ ಆ ದೋಷ ಕಳೆಯುತ್ತದೆ, ಅರ್ಥವೂ ಇನ್ನಷ್ಟು ನಿಖರವಾಗುತ್ತದೆ, ಆದರೆ ಪರದೆಯ ಮೇಲಿನ ಇಕ್ಕಟ್ಟಾದ ಕಾಲಮ್ಮಿನಲ್ಲಿ ಅದು ಹಿಡಿಸುವುದಿಲ್ಲ. ‘ಗುಂಪಿನಿಂದ ಬಂದ’ ಎಂಬುದು ಮಾತಿಗೆ ಸಹಜ. ಶೀರ್ಷಿಕೆಯಾಗಿ ನಿಲ್ಲುವಷ್ಟು ಗಟ್ಟಿಯಿಲ್ಲ. ಇಂಥ ಕಡೆ ವ್ಯಾಕರಣದ ನಿಯಮವನ್ನು ಸಡಿಲಿಸುವ ಪಕ್ಷಪಾತಿ ನಾನು.

ಉಳಿದ ಪದಗಳ ಬಗ್ಗೆ ನಾನು ತಕ್ಕಮಟ್ಟಿಗೆ ನಿರ್ಧಾರಕ್ಕೆ ಬಂದಿದ್ದೇನೆ. ಪತ್ರಿಕೆಗೆ ಚಂದಾ ಕಟ್ಟಿದವರೇ ಸಾಮಾನ್ಯವಾಗಿ ಅದನ್ನು ಓದುವವರು. ಇಲ್ಲಿ ಹಣ ಕಟ್ಟುವುದು ಸಂಸ್ಥೆ, ಬಳಸುವುದು ನೌಕರರು. ಹೀಗಾಗಿ ‘ಚಂದಾದಾರ’ವನ್ನು ಸಂಸ್ಥೆಗೆ ಮೀಸಲಿಟ್ಟು, ನೌಕರರನ್ನು ‘ಬಳಕೆದಾರ’ ಎಂದಿದ್ದೇನೆ. ಖರೀದಿಸಿದ ಲೈಸೆನ್ಸುಗಳ ಸಂಖ್ಯೆಯನ್ನು ಹೇಳುವಾಗ ಇಂಗ್ಲಿಷಿನ ‘ಸೀಟ್’ ಪದಕ್ಕೆ ಕೆಲವರು ‘ಆಸನ’ ಎಂದು ಬರೆಯುವುದನ್ನು ಕಂಡಿದ್ದೇನೆ, ಅದು ಬೇಡ, ‘ಸೀಟು’ ಎಂದೇ ಇರಲಿ. ಸಿಇಟಿಯ ಸೀಟು ಹಂಚಿಕೆಯನ್ನು ಪ್ರತಿವರ್ಷ ಕೇಳುವ ನಾಡಿನಲ್ಲಿ ‘ಸೀಟು’ ಕುರ್ಚಿಯ ಅರ್ಥವನ್ನು ದಾಟಿ ಎಷ್ಟೋ ಕಾಲವಾಗಿದೆ. ಇಪ್ಪತ್ತು ಸೀಟು ಕೊಂಡು, ಗುಂಪಿನಲ್ಲಿ ಇಪ್ಪತ್ತಮೂರು ಜನರನ್ನು ಇಟ್ಟರೆ ಮೂವರಿಗೆ ಸೀಟು ಸಿಗದೆ ದೋಷಸೂಚನೆ ಬರುತ್ತದೆ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಡತ ತೆರೆಯುವ, ತಿದ್ದುವ ಅವಕಾಶಗಳನ್ನು ‘ಹಕ್ಕು’ ಎನ್ನದೆ ‘ಅನುಮತಿ’ ಎಂದಿದ್ದೇನೆ, ಏಕೆಂದರೆ ಮೇಲ್ವಿಚಾರಕರು ಒಂದು ಗುಂಡಿ ಒತ್ತಿ ಕಸಿಯಬಹುದಾದದ್ದು ಹಕ್ಕಾಗಲಾರದು. ‘ಮೇಲ್ವಿಚಾರಕ’ ಎಂದದ್ದೂ ಬೇಕೆಂದೇ. ಕನ್ನಡ ವಿಕಿಪೀಡಿಯದಲ್ಲಿ ‘ನಿರ್ವಾಹಕ’ ರೂಢಿಯಲ್ಲಿದೆಯಾದರೂ, ಸಾರಿಗೆ ಬಸ್ಸಿನಲ್ಲಿ ಓಡಾಡುವವರಿಗೆ ನಿರ್ವಾಹಕರೆಂದರೆ ಟಿಕೆಟ್ ಕೊಡುವವರು.

ಎರಡನೆಯ ಪ್ರಶ್ನೆ, ಒಂದು ಗುಂಪಿನ ಸದಸ್ಯನಾಗಿ ಇನ್ನೊಂದು ಗುಂಪನ್ನೇ ಸೇರಿಸುವುದಕ್ಕೆ ಸಂಬಂಧಿಸಿದ್ದು. ಎಂಟ್ರಾದಲ್ಲಿ ಹೊರಗಿನ ಗುಂಪಿಗೆ ಕೊಟ್ಟ ಲೈಸೆನ್ಸ್ ಅದರೊಳಗೆ ಸೇರಿಸಿದ ಗುಂಪಿನವರಿಗೆ ತಲುಪುವುದಿಲ್ಲ. ಅದು ಸಲ್ಲುವುದು ಹೊರಗಿನ ಗುಂಪಿಗೆ ನೇರವಾಗಿ ಸೇರಿದ ವ್ಯಕ್ತಿಗಳಿಗೆ ಮಾತ್ರ. ಸಿಬ್ಬಂದಿ ಎಡವುವ ಜಾಗ ಇದಾದ್ದರಿಂದ ಪದ ಸ್ಪಷ್ಟವಾಗಿರಬೇಕು. ‘ಒಳಪಂಗಡ’ವನ್ನು ಜಾತಿಯ ವಾಸನೆಯ ಕಾರಣಕ್ಕೆ ಕೈಬಿಟ್ಟಿದ್ದೇನೆ. ‘ಉಪಗುಂಪು’ ಎಂದರೆ ದೊಡ್ಡ ಗುಂಪನ್ನೇ ಒಡೆದು ಮಾಡಿದ ಭಾಗವೆಂಬ ಭಾವನೆ ಬರುತ್ತದೆ. ಇಲ್ಲಿ ಎರಡೂ ಸ್ವತಂತ್ರವಾಗಿ ಹುಟ್ಟಿದ ಗುಂಪುಗಳು. ‘ಒಳಗುಂಪು’ ಸರಿಯೇ, ಅಥವಾ ‘ಗುಂಪುಸದಸ್ಯ’ ಎನ್ನುವುದು ಮೇಲೇ? ಕಚೇರಿಗಳಲ್ಲಿ ಈ ಕೆಲಸ ಮಾಡುವವರು ಕನ್ನಡದಲ್ಲಿ ಮಾತನಾಡುವಾಗ ಬೇರೆ ಯಾವುದಾದರೂ ಪದವನ್ನು ಬಳಸುತ್ತಿದ್ದರೆ ದಯಮಾಡಿ ಅದನ್ನೂ ವಾಕ್ಯಸಮೇತ ತಿಳಿಸಿ.

ವಂದನೆಗಳೊಂದಿಗೆ.