ಅಪ್‌ಡೇಟ್: ರೂಗರ್ ಬ್ಲ್ಯಾಕ್‌ಹಾಕ್ ಹಿಡಿಕೆಗೆ ಕೊನೆಗೂ ಬ್ಲೂಯಿಂಗ್ ಮಾಡಿಸಿದೆ

ಹೋದ ತಿಂಗಳು ಕೇಳಿದ್ದೆನಲ್ಲ, ನನ್ನ ಬ್ಲ್ಯಾಕ್‌ಹಾಕ್ ರಿವಾಲ್ವರ್‌ನ ಅಲ್ಯೂಮಿನಿಯಂ ಗ್ರಿಪ್ ಫ್ರೇಮ್ (ಹಿಡಿಕೆಯ ಲೋಹದ ಚೌಕಟ್ಟು) ತೆಗೆಸಿ ಉಕ್ಕಿನದು ಹಾಕಿಸುತ್ತಿದ್ದೇನೆ, ಅದಕ್ಕೆ ನಿಕಲ್ ಲೇಪನವೋ ಬ್ಲೂಯಿಂಗೋ (ಉಕ್ಕನ್ನು ಕಪ್ಪಾಗಿಸುವುದು) ಅಂತ. ಬ್ಲೂಯಿಂಗೇ ಮಾಡಿಸಿದೆ. ಬ್ಯಾರೆಲ್ಲು, ಸಿಲಿಂಡರ್ರು ಎರಡೂ ಕಪ್ಪಿರುವಾಗ ಹಿಡಿಕೆಯೊಂದೇ ಬೆಳ್ಳಗೆ ಹೊಳೆಯುವುದು ನನಗೆ ಒಗ್ಗಲಿಲ್ಲ.

ಇಲ್ಲಿ ಟೆಕ್ಸಸ್‌ನಲ್ಲಿ ನನ್ನ ಕೆಲಸ ಮಾಡಿಕೊಟ್ಟ ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ತುಂಬ ತಾಳ್ಮೆಯಿಂದ ವಿವರಿಸಿದರು. ಬ್ಲೂಯಿಂಗ್ ಅಂದರೆ ಬಣ್ಣ ಬಳಿಯುವುದಲ್ಲ. ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ಕ್ಷಾರದ ದ್ರಾವಣದಲ್ಲಿ ಉಕ್ಕಿನ ಮೇಲ್ಮೈಯೇ ಕಪ್ಪು ಆಕ್ಸೈಡ್ ಆಗುತ್ತದೆ. ಅಲ್ಯೂಮಿನಿಯಂ ಅದರೊಳಗೆ ಬಿದ್ದರೆ ಕೊರೆದುಹೋಗುತ್ತದೆ. ಹಳೆಯ ಹಿಡಿಕೆಯ ಕಪ್ಪು ಆನೊಡೈಸಿಂಗ್‌ನದು (ವಿದ್ಯುತ್ತಿನಿಂದ ಅಲ್ಯೂಮಿನಿಯಂ ಮೇಲೆ ಮೂಡಿಸುವ ಪದರ), ಅದಕ್ಕೇ ಉಕ್ಕಿನ ಕಪ್ಪಿಗೆ ಅದು ಪೂರ್ತಿ ಹೊಂದುತ್ತಿರಲಿಲ್ಲ.

ಮೊದಲ ಸಲ ಹಿಡಿಕೆ ಕನ್ನಡಿಯಂತೆ ಬಂತು, ಪಕ್ಕದ ರಿವಾಲ್ವರ್‌ನ ಮುಖ್ಯ ಫ್ರೇಮ್ ಮಂಕು! ಹೊಳಪು ನಿರ್ಧಾರವಾಗುವುದು ದ್ರಾವಣದಲ್ಲಲ್ಲ, ಅದಕ್ಕೆ ಮುಂಚಿನ ಪಾಲಿಶ್‌ನಲ್ಲಿ. ಲೇಪ ತೆಗೆದು, ಎರಡನ್ನೂ ಒಂದೇ ನಂಬರಿನ ಎಮರಿ ಕಾಗದದಲ್ಲಿ ಒಂದೇ ದಿಕ್ಕಿಗೆ ಉಜ್ಜಿ, ಒಟ್ಟಿಗೇ ಅದ್ದಿದರು. ಈಗ ಹ್ಯಾಮರ್‌ನ ಅಕ್ಕಪಕ್ಕ ಎರಡು ತುಂಡು ಕೂಡುವ ಗೆರೆಯ ಮೇಲೆ ಉಗುರು ಆಡಿಸಿದರೆ ಮಾತ್ರ ಗೊತ್ತಾಗುತ್ತದೆ.

ಒಂದು ಮಾತು: ಎರಕದ ಫ್ರೇಮ್ ಬಿಸಿಲಿಗೆ ಹಿಡಿದರೆ ತುಸು ನೇರಳೆ ಛಾಯೆ ಬರುತ್ತದೆ. ಉಕ್ಕಿನಲ್ಲಿರುವ ಸಿಲಿಕಾನ್ ಕಾರಣವಂತೆ. ನನಗದು ಇಷ್ಟವೇ ಆಯಿತು. ಎಜೆಕ್ಟರ್ ಹೌಸಿಂಗ್ (ಖಾಲಿ ತೋಟಾ ಹೊರದೂಡುವ ಕಡ್ಡಿಯ ಕವಚ) ಇನ್ನೂ ಅಲ್ಯೂಮಿನಿಯಂನದೇ, ಉಕ್ಕಿನದಕ್ಕೆ ಆರ್ಡರ್ ಕೊಟ್ಟಿದ್ದೇನೆ. ನಿಕಲ್ ಬೇಡವೆಂದು ಪಟ್ಟು ಹಿಡಿದವರಿಗೆಲ್ಲ ಮನಸಾರೆ ಧನ್ಯವಾದ.