ವಿಶೇಷ ಶಿಕ್ಷಕಿಯನ್ನು ಕೇಳಿ: ಮುಂಬಯಿಯ ಹೊಸ ಟೀಚರುಗಳ ಪ್ರಶ್ನೆಗಳು

ಕುರ್ಲಾದ ಟೀಚರ್: ನಮಸ್ಕಾರ ಮೇಡಂ. ಈ ವರ್ಷವೇ ಕೆಲಸಕ್ಕೆ ಸೇರಿದ್ದೇನೆ. ಮರಾಠಿ ಮಾಧ್ಯಮ, ಎರಡನೇ ಕ್ಲಾಸ್. ಒಬ್ಬ ಹುಡುಗನ ಮನೆಯವರು ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಜೂನ್‌ನಿಂದ ಒಂದು ಮಾತೂ ಆಡಿಲ್ಲ. ಬೆಲ್ ಹೊಡೆದರೆ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಕೂರುತ್ತಾನೆ. ಮನೆಯಲ್ಲಿ ಕನ್ನಡ ಮಾತಾಡ್ತಾನಂತೆ. ‘ಆಟಿಸಂ, ಬೇರೆ ಶಾಲೆಗೆ ಕಳಿಸಿ’ ಅಂತಾರೆ ಹೆಡ್‌ಮಾಸ್ತರರು. ಬಿ.ಎಡ್‌ನಲ್ಲಿ ಇದರ ಬಗ್ಗೆ ಒಂದು ಪೇಪರ್ ಬರೆದದ್ದಷ್ಟೇ ನನಗೆ ಗೊತ್ತು.

ವಿಶೇಷ ಶಿಕ್ಷಕಿ: ಆ ಹೆಸರು ಹಚ್ಚುವುದು ಹೆಡ್‌ಮಾಸ್ತರರ ಕೆಲಸವಲ್ಲ, ನಿಮ್ಮದೂ ಅಲ್ಲ. ಆಟಿಸಂ ಅಂತಲೇ ಆದರೂ ಶಾಲೆಯಿಂದ ಸಾಗಹಾಕುವಂತಿಲ್ಲ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ.

ಹೊಸ ಭಾಷೆಯೊಳಗೆ ಬಿದ್ದ ಮಗು ಕೆಲವು ತಿಂಗಳು ಬಾಯಿ ಬಿಡದಿರುವುದು ಸಹಜ. ಆದರೆ ಬೆಲ್‌ಗೆ ಹೆದರುವುದು ಭಾಷೆಯ ವಿಷಯವಲ್ಲ. ಎರಡನ್ನೂ ಕಲಸಿ ನೋಡುವುದರಲ್ಲೇ ಎಲ್ಲರೂ ಎಡವುತ್ತಾರೆ. ಮೊದಲು ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ ಮಾಡಿಸಲಿ. ಆಮೇಲೆ ತಾಯಿಯನ್ನು ಕರೆಸಿ ಕೇಳಿ: ನಿನ್ನೆ ಆದದ್ದನ್ನು ಕನ್ನಡದಲ್ಲಿ ಹೇಳ್ತಾನಾ? ತಾನಾಗಿ ಏನಾದರೂ ಕೇಳ್ತಾನಾ? ತೊಡಕು ಮರಾಠಿಯಲ್ಲಿ ಮಾತ್ರ ಇದ್ದರೆ ಸಮಯ ಕೊಡಿ. ಎರಡರಲ್ಲೂ ಇದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಮನೆಯಲ್ಲಿ ಚೆನ್ನಾಗಿ ಮಾತಾಡಿ ಶಾಲೆಯಲ್ಲಿ ಕನ್ನಡಕ್ಕೂ ಬಾಯಿ ಬಿಡದಿದ್ದರೆ ಅದು ಅಂಜಿಕೆ ಇರಬಹುದು, ಒತ್ತಾಯ ಬೇಡ. ಬಿಡುವಿನಲ್ಲಿ ಅವನ ಪಕ್ಕ ಕೂತು ಚಿತ್ರ ಬಿಡಿಸುತ್ತಾ ನೀವೇ ಕನ್ನಡದಲ್ಲಿ ಮಾತಾಡಿ, ಪ್ರಶ್ನೆ ಕೇಳಬೇಡಿ. ಬೆಲ್‌ಗೆ ಮುಂಚೆ ಸನ್ನೆ ಮಾಡಿ ತಿಳಿಸಿ. ವಹಿಯಲ್ಲಿ ‘ಗಮನವಿಲ್ಲ’ ಅಂತ ಬರೆಯಬೇಡಿ, ‘ಮೂರು ಸಾಲು ಬರೆದು ಪೆನ್ಸಿಲ್ ಇಟ್ಟ’ ಅಂತ ತಾರೀಖು ಹಾಕಿ ಬರೆಯಿರಿ.

ಡೊಂಬಿವಲಿ: ಮನೆಯಲ್ಲಿ ಕನ್ನಡ ನಿಲ್ಲಿಸಿದ್ರೆ ಸರಿಹೋಗಲ್ವಾ?

ವಿಶೇಷ ಶಿಕ್ಷಕಿ: ಇಲ್ಲ. ಎರಡು ಭಾಷೆಯಿಂದ ಆಟಿಸಂ ಬರುವುದಿಲ್ಲ. ತಾಯಿ ತನಗೆ ಬರುವ ಭಾಷೆಯಲ್ಲೇ ಮಾತಾಡಲಿ.

ಥಾಣೆ: ಫಾರ್ವರ್ಡ್ ಬಂದಿದೆ, ನೋಡಿ. ದಿನಾ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿದರೆ ಮಾತು ಬರುತ್ತದಂತೆ.

ವಿಶೇಷ ಶಿಕ್ಷಕಿ: ದಯವಿಟ್ಟು ಅಳಿಸಿ. ಬಜೆ ಹೆಚ್ಚಾದರೆ ಮಕ್ಕಳಿಗೆ ವಾಂತಿಯಾಗುತ್ತದೆ. ಇಂಥದ್ದರಲ್ಲಿ ವರ್ಷಗಟ್ಟಲೆ ಕಳೆದು, ಕೊನೆಗೆ ನಮ್ಮ ಹತ್ತಿರ ಬರುತ್ತಾರೆ.

ಧಾರಾವಿಯ ಟೀಚರ್: ಮೂರನೇ ಕ್ಲಾಸಿನ ಹುಡುಗಿ, ಒತ್ತಕ್ಷರ ಎಲ್ಲಾ ಬಿಟ್ಟು ‘ಅಕ್ಕ’ನನ್ನು ‘ಅಕ’ ಅಂತ ಬರೀತಾಳೆ. ಮರಾಠಿ ಜೋಡಾಕ್ಷರದಲ್ಲೂ ಹಾಗೇ.

ವಿಶೇಷ ಶಿಕ್ಷಕಿ: ಎರಡರಲ್ಲೂ ಪರೀಕ್ಷೆ ಆಗಲಿ. ಓದು-ಬರಹದ ತೊಡಕು (ಡಿಸ್ಲೆಕ್ಸಿಯಾ) ಇದೆಯೇ ಎಂದು ನೋಡುವ, ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದ ‘ಡಾಲಿ’ ಪರೀಕ್ಷೆ ಕನ್ನಡ, ಮರಾಠಿ ಎರಡರಲ್ಲೂ ಇದೆ. ಬರೀ ಇಂಗ್ಲಿಷ್ ಪರೀಕ್ಷೆ ನಂಬಬೇಡಿ.

ಭಾಂಡೂಪ್: ಮಹಾರಾಷ್ಟ್ರದ ಅನ್ನ ತಿಂದಮೇಲೆ ಮರಾಠಿ ಕಲಿಯಬೇಕು. 2020ರಿಂದ ಎಲ್ಲ ಶಾಲೆಗೂ ಕಡ್ಡಾಯ.

ವಡಾಲಾ: ಬೇಡ ಅಂದವರ್ಯಾರು? ಮಗು ಕನ್ನಡ ಮರೀಬೇಕು ಅಂತ ಕಾಯ್ದೆ ಇದೆಯಾ?

ಭಾಂಡೂಪ್: ನಿಮ್ಮ ಮಕ್ಕಳು ಯಾವ ಮಾಧ್ಯಮ?

ವಡಾಲಾ: ಅದು ನಿಮಗ್ಯಾಕೆ?

ಮುಲುಂಡ್: ಮೇಡಂ, ಬಿ.ಎಡ್ ಪ್ರಾಕ್ಟಿಕಲ್‌ಗೆ ಪಾಠಯೋಜನೆ ಇದ್ದರೆ ಕಳಿಸ್ತೀರಾ?

ವಡಾಲಾ: ಕನ್ನಡ ಶಾಲೆ ಮುಚ್ಚೋದು ಇಂಥವರಿಂದಲೇ.

ವಿಶೇಷ ಶಿಕ್ಷಕಿ: ಇಬ್ಬರೂ ಜಗಳ ಬೇರೆ ಕಡೆ ಆಡಿ.

ಡೊಂಬಿವಲಿ: ಹಾಗಾದ್ರೆ ಮನೆಯಲ್ಲಿ ಇಂಗ್ಲಿಷ್ ಒಂದೇ ಮಾತಾಡಿದ್ರೆ?

ವಿಶೇಷ ಶಿಕ್ಷಕಿ: ಬೇಡ. ಮೇಲೆ ಓದಿ.

ಕುರ್ಲಾದ ಟೀಚರ್: ಮೇಡಂ, ತಾಯಿ ಬಂದಿದ್ದರು. ಮಾತಾಡ್ತಾನೆ ಅಂದರೆ ಟಿವಿಯಲ್ಲಿ ಕೇಳಿದ್ದನ್ನೇ ಒಪ್ಪಿಸ್ತಾನಂತೆ. ‘ಊಟ ಬೇಕಾ’ ಅಂದರೆ ‘ಊಟ ಬೇಕಾ’ ಅಂತಾನೆ.

ವಿಶೇಷ ಶಿಕ್ಷಕಿ: ಹಾಗಾದರೆ ಇದು ಬರೀ ಮರಾಠಿಯ ತೊಡಕಲ್ಲ. ಕಿವಿ ಪರೀಕ್ಷೆಯ ಜೊತೆಗೇ ಮಕ್ಕಳ ಬೆಳವಣಿಗೆ ನೋಡುವ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ. ಅಲ್ಲಿ ಅವನನ್ನು ಕನ್ನಡದಲ್ಲಿ ಮಾತಾಡಿಸುವವರು ಇರಬೇಕು. ತಾಯಿಗೆ ಮರಾಠಿ ಬರದಿದ್ದರೆ ರಜೆ ಹಾಕಿ ನೀವೇ ಜೊತೆಗೆ ಹೋಗಿ. ನಿಮ್ಮ ವಹಿಯನ್ನೂ ಒಯ್ಯಿರಿ.