ಅಪ್‌ಡೇಟ್: ಫಿಸಿಯಾಲಜಿಯ ನರದ ಪಾಠ ಕೊನೆಗೂ ತಲೆಗೆ ಹತ್ತಿತು

ಹೋದ ತಿಂಗಳು ಇಲ್ಲಿ ಕೇಳಿದ್ದೆ. ಬಿಎಸ್ಸಿ ನರ್ಸಿಂಗ್ ಮೊದಲ ವರ್ಷ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಕ್ಷನ್ ಪೊಟೆನ್ಷಿಯಲ್ (ನರದಲ್ಲಿ ಸಂದೇಶ ಒಯ್ಯುವ ವಿದ್ಯುತ್ ಏರಿಳಿತ) ಎಷ್ಟು ಓದಿದರೂ ತಲೆಯಲ್ಲಿ ನಿಲ್ಲುತ್ತಿಲ್ಲ, ಏನು ಮಾಡಲಿ ಅಂತ. ನಿನ್ನೆ ಇಂಟರ್ನಲ್ಸ್ ಅಂಕ ಬಂತು. ಪಾಸಾಗಿದ್ದೇನೆ!

ಮೊದಲು ವಿಡಿಯೊ ನೋಡಿದೆ. ನೋಡುವಾಗ ಎಲ್ಲಾ ಗೊತ್ತಾದ ಹಾಗೇ ಇರುತ್ತಿತ್ತು, ಆಮೇಲೆ ಬರೆಯಲು ಕೂತರೆ ಏನೂ ನೆನಪಿಲ್ಲ. ನೋಟ್ಸ್ ಮತ್ತೆ ಮತ್ತೆ ಬರೆದದ್ದೂ ಉಪಯೋಗಕ್ಕೆ ಬರಲಿಲ್ಲ.

ಕೈ ಹಿಡಿದದ್ದು, "ಖಾಲಿ ಹಾಳೆಯಲ್ಲಿ ಚಿತ್ರ ಬರೀತಾ ಕನ್ನಡದಲ್ಲೇ ಯಾರಿಗಾದ್ರೂ ಹೇಳಮ್ಮಾ" ಅಂತ ಇಲ್ಲಿ ಉತ್ತರಿಸಿದ ಒಬ್ಬ ಅಕ್ಕನ ಸಲಹೆ. ರಾತ್ರಿ ಊಟ ಆದ ಮೇಲೆ ರೂಮ್‌ಮೇಟ್‌ನ ಕೂರಿಸಿಕೊಂಡೆ. ನರಕೋಶ ಸುಮ್ಮನಿರುವಾಗಿನ ವೋಲ್ಟೇಜ್ ಅಂತ ಮೈನಸ್ 70 ಮಿಲಿವೋಲ್ಟ್ ಹತ್ತಿರ ಒಂದು ಗೆರೆ. ಸೋಡಿಯಂ ಒಳಗೆ ನುಗ್ಗುತ್ತದೆ, ಗೆರೆ ಮೇಲೇರುತ್ತದೆ. "ಮತ್ತೆ ಕೆಳಗಿಳಿಸೋದು ಯಾರೇ?" ಅಂದಳು. ಕೋಶದ ಪೊರೆಯಲ್ಲಿರುವ ಸೋಡಿಯಂ-ಪೊಟ್ಯಾಸಿಯಂ ಪಂಪ್ ಅಂದೆ. ಪುಸ್ತಕ ತೆಗೆದು ನೋಡಿದರೆ ತಪ್ಪು! ಪೊಟ್ಯಾಸಿಯಂ ಪೊರೆಯಲ್ಲಿರುವ ತನ್ನ ದಾರಿಗಳಿಂದ, ಅಂದರೆ ಚಾನೆಲ್‌ಗಳಿಂದ ಹೊರಗೆ ಹೋಗುವುದರಿಂದ ಗೆರೆ ಇಳಿಯುತ್ತದೆ. ಪಂಪ್ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ ಹಾಕುತ್ತಾ, ಒಳಗಿನ ಹೊರಗಿನ ವ್ಯತ್ಯಾಸ ಕಾಯ್ದುಕೊಂಡು ಬರುತ್ತದೆ. ಇಷ್ಟು ದಿನ ನಾನು ಸಿಕ್ಕಿಕೊಳ್ಳುತ್ತಿದ್ದದ್ದು ಇಲ್ಲೇ. ಅವಳು ಕೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಇದೇ ತೊಂದರೆ ಇರುವವರಿಗೆ ಒಂದು ಮಾತು: ವಿವರಣೆ ಕನ್ನಡದಲ್ಲಿರಲಿ, ಹೆಸರುಗಳು ಮಾತ್ರ ಇಂಗ್ಲಿಷ್‌ನಲ್ಲೇ ಇರಲಿ. ಪರೀಕ್ಷೆಯಲ್ಲಿ ಅವೇ ಬೇಕಲ್ವಾ.

ಅಕ್ಕಾ, ತುಂಬಾ ಥ್ಯಾಂಕ್ಸ್. ಮುಂದಿನ ವಾರ ಹೃದಯದ ಪಾಠ ಶುರು. ಹಾಳೆ ತಂದಿಟ್ಟಿದ್ದೇನೆ.